ಕೆಂಪು ರಾಕ್ಷಸನ ರಜೆ

"ಇವತ್ತು ಶಿಶುವಿಹಾರ ಇಲ್ವಂತೆ," ಎಂದು ಟೆತ್ಸುಯಾ ಫೋನು ಕೆಳಗಿಟ್ಟಾಗ ಇಬುಕಿ ರಜಾಯಿಯಿಂದ ತಲೆ ಹೊರಗೆ ಹಾಕಿದ.

"ಹಾಗಾದ್ರೆ ರಾಕ್ಷಸನೂ ಬರಲ್ವಾ ಅಪ್ಪ?"

"ಈ ಹಿಮದಲ್ಲಿ ಅವನೆಲ್ಲಿ ಬರ್ತಾನೆ? ಬಸ್ಸೇ ಓಡ್ತಿಲ್ಲ."

ನಾಲ್ಕೈದು ದಿನದಿಂದ ಹೊಟ್ಟೆನೋವು ಎಂದು ಮುಲುಗುತ್ತಿದ್ದ ಹುಡುಗ ತಟ್ಟನೆ ಎದ್ದು ಕೂತು ಅನ್ನ ಕೇಳಿದ. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು. ಅದರಲ್ಲಿ ಅರ್ಧ ಪಾಲು ಅಪ್ಪನಿಗೂ ಸಿಕ್ಕಿತ್ತು, ಹುಡುಗನಿಗೆ ಗೊತ್ತಿರಲಿಲ್ಲ ಅಷ್ಟೆ.

ಜಪಾನಿನ ದಕ್ಷಿಣದ ಊರಾದ ಇಮಾಬಾರಿಯಲ್ಲಿ ಹಿಮ ಬೀಳುವುದೇ ಅಪರೂಪ. ಈ ಸಲ ರಾತ್ರಿಯಿಡೀ ಸುರಿದು ಬಾಗಿಲ ಮೆಟ್ಟಿಲನ್ನೇ ಮುಚ್ಚಿತ್ತು. ಟೆತ್ಸುಯಾ ದುಡಿಯುವ ಟವೆಲ್ ಕಾರ್ಖಾನೆಗೂ ರಜೆ. ಹೆಂಡತಿ ಚಿನಾಮಿ ನರ್ಸು. ರಾತ್ರಿ ಪಾಳಿ ಮುಗಿದರೂ ಆಸ್ಪತ್ರೆಯಲ್ಲೇ ಸಿಕ್ಕಿಕೊಂಡಿದ್ದಳು.

ಚಳಿಗಾಲದ ಕೊನೆಗೆ ಹುರಿದ ಸೋಯಾ ಕಾಳು ಎರಚಿ ರಾಕ್ಷಸನನ್ನು ಓಡಿಸುವ ಹಬ್ಬ ಅಂದು. ಹೋದ ವರ್ಷ ಶಿಶುವಿಹಾರಕ್ಕೆ ನುಗ್ಗಿದ ಕೆಂಪು ರಾಕ್ಷಸನನ್ನು ಕಂಡು ಇಬುಕಿ ಎಲ್ಲರೆದುರು ಚಡ್ಡಿ ಒದ್ದೆ ಮಾಡಿಕೊಂಡಿದ್ದ. ಈ ವರ್ಷ ಪೋಷಕರ ಸಭೆಯಲ್ಲಿ ಚೀಟಿ ಎತ್ತಿದಾಗ ರಾಕ್ಷಸನ ವೇಷ ಟೆತ್ಸುಯಾನ ಕೊರಳಿಗೇ ಬಿತ್ತು. "ನಿಮ್ಮ ದನಿಗೆ ಸೊಳ್ಳೆನೂ ಹಾರಲ್ಲ, ಬಿಡಿ," ಎಂದು ಚಿನಾಮಿ ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಹೆದರಿದಾಗ ಮಗ ಓಡಿಬರುವುದು ಅವನ ಮಡಿಲಿಗೆ. ವೇಷದೊಳಗೆ ಅಪ್ಪನೇ ಇದ್ದನೆಂದು ತಿಳಿದರೆ ಮಗು ಆಮೇಲೆ ಯಾರ ಹತ್ತಿರ ಓಡಬೇಕು? ಆ ಚಿಂತೆಯಲ್ಲೇ ವೇಷದ ಗಂಟನ್ನು ಕಪಾಟಿನ ತಳದಲ್ಲಿ ಬಚ್ಚಿಟ್ಟಿದ್ದ.

ಹೊರಗೆ ಹೋಗಲು ಮಕ್ಕಳ ಕೈಗವಸು ಹುಡುಕುವಾಗ ಗುಟ್ಟು ರಟ್ಟಾಯಿತು. ಇಬುಕಿಯ ತಂಗಿ, ಮೂರು ವರ್ಷದ ಸುಜು ಕಪಾಟಿಗೆ ತಲೆ ತೂರಿಸಿ, ಹೊರಬರುವಾಗ ಎರಡು ಕೊಂಬಿನ ಕೆಂಪು ಮುಖವಾಡ ಹಾಕಿಕೊಂಡು ಬಂದಳು.

ಇಬುಕಿ ಗೋಡೆಗೆ ಅಂಟಿದ. "ಅಪ್ಪ, ಅದು ಯಾರ್ದು?"

ಏನಾದರೂ ಸುಳ್ಳು ಹೇಳಬಹುದಿತ್ತು. ಟೆತ್ಸುಯಾನಿಗೆ ಬಾಯಿ ಬರಲಿಲ್ಲ. "ನಂದೇ ಕಣೋ. ಇವತ್ತು ನಾನೇ ಬರಬೇಕಿತ್ತು."

"ಹೋದ ವರ್ಷಾನೂ ನೀನೇನಾ?"

"ಅಲ್ಲ. ಅದು ಕೊಟಾರೋನ ಅಪ್ಪ."

"ಮೀನಂಗಡಿ ಮಾಮನಾ?" ಇಬುಕಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಅದಕ್ಕೇ ರಾಕ್ಷಸ ಮೀನು ಮೀನು ನಾರ್ತಿದ್ದ."

ಟೆತ್ಸುಯಾ ನಕ್ಕ. ಮಗನೂ ನಕ್ಕ. ಏನೂ ತಿಳಿಯದ ಸುಜು ಮುಖವಾಡದೊಳಗೇ ಕೇಕೆ ಹಾಕಿದಳು.

ಅಂಗಳದಲ್ಲಿ ಹಿಮದ ದಿಮ್ಮಿಯೊಂದನ್ನು ನಿಲ್ಲಿಸಿ ಅದಕ್ಕೆ ಮುಖವಾಡ ತೊಡಿಸಿದರು. ಇಬುಕಿ ಮೊದಲು ದೂರದಿಂದ ಕಾಳು ಎಸೆದ, ಆಮೇಲೆ ಹತ್ತಿರದಿಂದ, ಕಡೆಗೆ ಕೊಂಬು ಹಿಡಿದು ಎಳೆದೂ ನೋಡಿದ. ಸುಜು ಕಾಳನ್ನು ಎಸೆಯದೆ ತಿಂದಳು. ಅಪ್ಪನೂ ಒಮ್ಮೆ ಅಬ್ಬರಿಸಲಿ ಎಂದು ಅಪ್ಪಣೆಯಾಯಿತು. ಅವನು ಅಬ್ಬರಿಸಿದ.

"ಇದೇನಪ್ಪ, ಬೆಕ್ಕಿನ ಬಾಲ ತುಳಿದ ಹಾಗಿದೆ. ಹೊಟ್ಟೆಯಿಂದ ಕೂಗ್ಬೇಕು, ನೋಡು." ಮಗ ಕೂಗಿದ ರಭಸಕ್ಕೆ ಪಕ್ಕದ ಮನೆಯ ಅಜ್ಜಿ ಕಿಟಕಿ ತೆರೆದು ಇಣುಕಿದಳು.

ಸಂಜೆಗೆ ಹಿಮ ಕರಗಿ ರಸ್ತೆ ಕಪ್ಪಗೆ ಕಂಡಿತು. ಶಿಶುವಿಹಾರದಿಂದ ಫೋನು ಬಂತು: ಹಬ್ಬ ನಾಳೆಗೆ ಇಟ್ಟಿದ್ದಾರೆ. ಟೆತ್ಸುಯಾನ ಎದೆ ಮತ್ತೆ ಭಾರವಾಯಿತು.

"ನಿಂಗೆ ಬೇಡ ಅನ್ಸಿದ್ರೆ ಹೇಳು ಪುಟ್ಟ. ನಾನು ಆಗಲ್ಲ ಅಂತೀನಿ."

ಇಬುಕಿ ಅಂಗಳದಿಂದ ಮುಖವಾಡ ಎತ್ತಿಕೊಂಡು ಬಂದು ಹೀಟರಿನ ಮುಂದೆ ಕೂತಿದ್ದ. "ನೀನು ಬಾ. ಆದ್ರೆ ಮೊದ್ಲೇ ನಮ್ ಕ್ಲಾಸಿನ ನಾಗಿಸಾ ಹತ್ರ ಹೋಗ್ಬೇಡ, ಅವಳು ತುಂಬಾ ಹೆದರ್ತಾಳೆ. ನನ್ ಹತ್ರಾನೇ ಬಾ. ನಾನು ಹೆದರಿದ ಹಾಗೆ ಕೂಗ್ತೀನಿ."

"ಯಾರಿಗೂ ಹೇಳಲ್ವಾ?"

"ಹೇಳಿದ್ರೆ ಹಬ್ಬ ಹೇಗಾಗತ್ತೆ?"

ತಿಂಗಳಿನಿಂದ ಹೊತ್ತ ಹೊರೆಯನ್ನು ಯಾರೋ ಕೈಯಿಂದ ಇಸಿದುಕೊಂಡಂತಾಗಿ ಟೆತ್ಸುಯಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮುಖವಾಡದಿಂದ ಕರಗಿದ ಹಿಮ ತೊಟ್ಟಿಕ್ಕುತ್ತಿತ್ತು. ಇಬುಕಿ ತನ್ನ ಟವೆಲ್ಲು ತಂದು ಅದನ್ನು ಒರೆಸತೊಡಗಿದ. ದಿನಾ ಸ್ನಾನವಾದ ಮೇಲೆ ಅಪ್ಪ ತನಗೆ ಒರೆಸುವ ಹಾಗೆಯೇ, ಮೊದಲು ಕಿವಿಯ ಹಿಂದೆ, ಆಮೇಲೆ ಮುಖ.