ಹತ್ತನೇ ಪುಟ

ಒಂದ್ ಹತ್ತು ನಿಮಿಷ ಕೂತು ಇದನ್ನ ಪೂರ್ತಿ ಕೇಳಿ, ಮಧ್ಯದಲ್ಲಿ ಎದ್ದು ಹೋಗ್ಬೇಡಿ. ಅರ್ಧ ಕೇಳಿದ್ರೆ ನನ್ನನ್ನ ಭಾರಿ ಒಳ್ಳೇವಳು ಅಂದ್ಕೊಂಡ್ಬಿಡ್ತೀರ.

ನಮ್ಮಮ್ಮ ಬಂದರಿನ ಆಫೀಸಲ್ಲಿ ಅಳತೆ ಕಂಬ ಓದೋಳು. ದೋಣಿ ನಿಲ್ಲೋ ಧಕ್ಕೆಯ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದ ಕಂಬ, ಮೈತುಂಬ ಸೆಂಟಿಮೀಟರ್ ಅಂಕಿ. ದಿನಕ್ಕೆರಡು ಸಲ ನೀರು ಎಲ್ಲಿಗೆ ಬಂತು ಅಂತ ನೋಡಿ, ಪುಸ್ತಕದಲ್ಲಿ ಬರೆದು, ಸೈನ್ ಹಾಕೋದು. ಹನ್ನೊಂದು ವರ್ಷ ಮಾಡಿದ್ಲು. ಅಷ್ಟರಲ್ಲಿ ಸಮುದ್ರ ನಮ್ಮ ಬೀದಿಗೆ ಬಂತು, ಆಮೇಲೆ ಹೊಸ್ತಿಲಿಗೆ, ಆಮೇಲೆ ಮಂಚದ ಕೆಳಗೆ. ಕಂಬ ಕೇಳಿದ್ರೆ ಮಾತ್ರ ಸಮುದ್ರ ಇದ್ದಲ್ಲೇ ಇದೆ. ಆಫೀಸಿನ ಸಾಹೇಬ ಅದನ್ನ ಗ್ರಾಫ್ ಮಾಡಿ ಗೋಡೆಗೆ ಅಂಟಿಸಿದ್ದ, ಸ್ಕೇಲಿಟ್ಟು ಎಳೆದ ಹಾಗೆ. ಅದಕ್ಕೇ ನಾವು ಅವನಿಗಿಟ್ಟ ಹೆಸರು ನೇರಗೆರೆ.

ಗುಟ್ಟು ಇಷ್ಟೇ. ಕಂಬಕ್ಕೆ ಹೊಸ ಬಣ್ಣ ಹೊಡೆದಾಗೆಲ್ಲ ಅದನ್ನ ನಾಲ್ಕು ಸೆಂಟಿಮೀಟರ್ ಮೇಲೆತ್ತಿ ಕೂರಿಸ್ತಿದ್ರು. ಕೆಳಗಿನ ಅಂಕಿ ಯಾವಾಗ್ಲೂ ನೀರೊಳಗೇ ಇರುತ್ತೆ, ಅಲ್ಲಿ ಬಣ್ಣ ನಿಲ್ಲಲ್ಲ ಅಂತ. ಸಮುದ್ರ ನಾಲ್ಕು ಏರೋದು, ಕಂಬವೂ ನಾಲ್ಕು ಏರೋದು, ಓದೋರಿಗೆ ಅದೇ ಅಂಕಿ. ಮೂರು ಸಲ ಬಣ್ಣ, ಹನ್ನೆರಡು ಸೆಂಟಿಮೀಟರ್. ನಮ್ಮನೆ ಹೊಸ್ತಿಲಿನ ಎತ್ತರವೂ ಹನ್ನೆರಡೇ. ಅಮ್ಮ ಪ್ರತಿ ಅಂಕಿ ಪಕ್ಕ ಪೆನ್ಸಿಲಲ್ಲಿ ಎಷ್ಟು ಸೇರಿಸ್ಬೇಕು ಅಂತ ಬರೆದು ಸೈನ್ ಹಾಕೋಳು. ಅವಳು ಮನೆಗೆ ಹೋದ್ಮೇಲೆ ನೇರಗೆರೆ ರಬ್ಬರ್ ತಗೊಂಡು ಅಳಿಸೋನು. ಸೈನ್ ಮಾತ್ರ ಹಾಗೇ ಬಿಡೋನು.

ಅದು ಗೊತ್ತಾದ ದಿನ ಅಮ್ಮ ನೇರವಾಗಿ ಹೋಗಿ ಕೇಳಿದ್ಲು. ಅವನು ಇಡೀ ಆಫೀಸ್ ಮುಂದೆ ಅವಳ ಕೈಗೆ ಚಾಕ್‌ಪೀಸ್ ಕೊಟ್ಟ. "ಮೊದ್ಲು ಒಂದರಿಂದ ನೂರು ಬರೆದು ತೋರಿಸಮ್ಮ. ಆಮೇಲೆ ಸಮುದ್ರದ ವಿಷಯ ಮಾತಾಡೋಣ."

ಅಮ್ಮ ಬರೆದ್ಲು. ನೂರಕ್ಕೆ ನೂರೂ ಬರೆದ್ಲು. ಎಲ್ಲರೂ ನಗ್ತಿದ್ರು. ನನಗೆ ಹದಿನಾಲ್ಕು ವರ್ಷ, ಊಟದ ಡಬ್ಬಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ. ಮುಂದಿನ ವಾರ ಅವಳ ಕೆಲಸ ಹೋಯ್ತು. ನಾನು ಕಾನೂನು ಓದೋಕೆ ಸೇರಿದ್ದು ಭೂಮಿ ಉಳಿಸೋಕಲ್ಲ. ಅವನಿಗೆ ತಿರುಗಿ ಕೊಡೋಕೆ.

ಎಂಟು ವರ್ಷ ಆದ್ಮೇಲೆ ಕೈಗೆ ಸಿಕ್ಕ. ಹವಾಮಾನ ಕೆಡಿಸಿದ ದೇಶಗಳು ನೆಲ ಕಳ್ಕೊಂಡೋರಿಗೆ ಕಾನೂನಿನ ಪ್ರಕಾರ ಏನು ಮಾಡ್ಬೇಕು ಅನ್ನೋ ಪ್ರಶ್ನೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿತ್ತು. ಅಲ್ಲಿಗೆ ಹೋಗೋ ಹಾಗೆ ಮಾಡಿದ್ದೇ ನಮ್ಮಂಥ ಹುಡುಗ್ರು, ಊರೂರಲ್ಲಿ ಮಂತ್ರಿಗಳ ಬೆನ್ನು ಬಿದ್ದು. ಈಗ ನಮ್ಮ ಸರ್ಕಾರದ ವಾದದ ಜೊತೆ ನಮ್ಮ ಬಂದರಿನ ಸಾಕ್ಷಿ ಹೋಗ್ಬೇಕು, ಕಡೇ ದಿನ ಸಂಜೆ ಐದರೊಳಗೆ ಕಂಪ್ಯೂಟರಲ್ಲಿ ಕಳಿಸ್ಬೇಕು. ಜೆರಾಕ್ಸ್ ಅಂಗಡಿ ಮೇಲಿನ ಒಂದೇ ಕೋಣೆ ನಮ್ಮ ಆಫೀಸು. ನಮ್ಮನ್ನ ನಡೆಸೋಳು ವಕೀಲಕ್ಕ. ಅವಳ ಪಾಠ ಒಂದೇ: "ಕೋರ್ಟಿಗೆ ನಿನ್ನ ಸಿಟ್ಟು ಬೇಡ ಕಣೇ, ಸೆಂಟಿಮೀಟರ್ ಕೊಡು."

ಸೆಂಟಿಮೀಟರ್ ಇತ್ತು. ನೀರು ಇಳಿದಾಗ ಹೋಗಿ ಗೋಡೆಯಲ್ಲಿ ಹಳೇ ಬೋಲ್ಟಿನ ತೂತು ಹುಡುಕಿ, ಸ್ಕೇಲ್ ಹಿಡಿದು ಫೋಟೋ ತೆಗೆದಿದ್ದೆ. ಆದ್ರೆ ಕಂಬ ಎತ್ತಿಸಿದ್ದು ಯಾವಾಗ, ಯಾಕೆ ಅಂತ ಹೇಳಿ ಸೈನ್ ಹಾಕೋನು ಒಬ್ಬನೇ. ರಿಟೈರಾಗಿ ಮನೇಲಿದ್ದ ನೇರಗೆರೆ.

ಅವನನ್ನ ಒಪ್ಪಿಸಿದ್ದು ಅವನ ಮೊಮ್ಮಗಳು. ಹೌದು, ನಮ್ಮ ಗುಂಪಲ್ಲೇ ಇದ್ಲು. ಫೈಲ್ ಹೊಲಿಯೋದು ಅವಳೇ, ಅದಕ್ಕೇ ದಬ್ಬಣ ಅಂತ ಕರೀತಿದ್ವಿ. ತಾತ ನಮ್ಮಮ್ಮನಿಗೆ ಏನ್ ಮಾಡಿದ್ದ ಅಂತ ಅವಳಿಗೆ ಗೊತ್ತಿರ್ಲಿಲ್ಲ. ಅಮ್ಮನ ಹೇಳಿಕೆಯ ಹತ್ತನೇ ಪುಟದಲ್ಲಿ ಇತ್ತು ಎಲ್ಲ: ಚಾಕ್‌ಪೀಸ್, ಕಪ್ಪು ಹಲಗೆ, ನಗು. ಆ ಪುಟ ಮಾತ್ರ ನಾನೇ ಟೈಪ್ ಮಾಡಿದ್ದೆ.

ಆ ಕಡೇ ದಿನ ಮೂರು ಗಂಟೆಗೆ ನೇರಗೆರೆ ಬಂದ. ದಬ್ಬಣ ದಾರ ತರೋಕೆ ಹೋಗಿದ್ಲು. ಹೇಳಿಕೆಗೆ ಸೈನ್ ಹಾಕೋಕೆ ಬಂದು ಕೂತಿದ್ದ ಅಮ್ಮನ್ನ ನೋಡಿ ಅವನು ಕೂರೋದೋ ಬೇಡ್ವೋ ಅನ್ನೋ ಹಾಗೆ ಕುರ್ಚಿ ಹಿಡ್ಕೊಂಡು ನಿಂತ.

"ಕೂತ್ಕೊಳ್ಳಿ ಸರ್," ಅಂದೆ. ಫೋಟೋ ಮುಂದಿಟ್ಟೆ. "ಕೆಳಗಿನ ತೂತಿಂದ ಮೇಲಿನದಕ್ಕೆ ಎಷ್ಟು ಸೆಂಟಿಮೀಟರ್ ಇದೆ ಅಂತ ಎಣಿಸಿ ಹೇಳಿ. ಜೋರಾಗಿ."

"ಹನ್ನೆರಡು," ಅಂದ.

"ಎಣಿಸಿ ಸರ್. ಒಂದರಿಂದ."

ವಕೀಲಕ್ಕ ಕನ್ನಡಕದ ಮೇಲಿಂದ ನನ್ನ ನೋಡಿದ್ಲು. ಅಮ್ಮ ಕಿಟಕಿ ಕಡೆ ತಿರುಗಿದ್ಲು. ಅವನು ಫೋಟೋ ಮೇಲೆ ಬೆರಳಿಟ್ಟು ಎಣಿಸ್ದ. ಏಳರ ಹತ್ರ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು ಮಾಡ್ದ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಹೇಳೋಕೆ ನಾಚಿಕೆ ಆಗುತ್ತೆ ಅಂತ ನೀವು ಅಂದ್ಕೊಂಡಿದ್ರೆ, ಇಲ್ಲ, ಆಗಲ್ಲ.

ಆಮೇಲೆ ಮೇಜಿನ ಮೇಲಿದ್ದ ಅಮ್ಮನ ಹೇಳಿಕೆ ತಿರುವಿ ಓದಿ, ಮೆಲ್ಲಗೆ ಕೇಳ್ದ. "ಎಲ್ಲಾ ಬರ್ಕೊಡ್ತೀನಿ. ಕಂಬ ಎತ್ತಿಸಿದ್ದು, ಅಂಕಿ ಅಳಿಸಿದ್ದು, ಎಲ್ಲಾ. ಹತ್ತನೇ ಪುಟ ಒಂದು ತೆಗೀಮ್ಮ. ಮಗು ಓದ್ತಾಳೆ."

"ಕೋರ್ಟಿಗೆ ಆ ಪುಟದಿಂದ ಏನೂ ಆಗ್ಬೇಕಾಗಿಲ್ಲ," ಅಂದ್ಲು ವಕೀಲಕ್ಕ. "ಆದ್ರೆ ನಿರ್ಧಾರ ನಿಮ್ಮಿಬ್ಬರದು."

ಅಮ್ಮ ತಲೆಯಾಡಿಸಿದ್ಲು. ನಾನೂ ಹೂಂ ಅಂದೆ, ತೆಗೀತೀನಿ ಅಂದೆ. ಅವನು ಸೈನ್ ಹಾಕ್ದ. ಅಷ್ಟೊತ್ತಿಗೆ ದಬ್ಬಣ ಬಂದು, ಹಿಂದಿನಿಂದ ಅವನ ಕುತ್ತಿಗೆ ತಬ್ಬಿ, "ನೋಡ್ರೇ, ನಮ್ ತಾತ ಎಷ್ಟು ಧೈರ್ಯಸ್ಥರು," ಅಂದ್ಲು. ಅವನು ನಕ್ಕ. ಆ ನಗು ನಾನು ಹದಿನಾಲ್ಕನೇ ವಯಸ್ಸಲ್ಲಿ ನೋಡಿದ್ದೇ.

ಅವರಿಬ್ಬರೂ ಮೆಟ್ಟಿಲಿಳಿದ್ರು. ನಾಲ್ಕೂಕಾಲಿಗೆ ನಾನು ಫೈಲ್ ಕಳಿಸ್ದೆ. ಹತ್ತನೇ ಪುಟ ಸಮೇತ.

ಅಮ್ಮನಿಗೆ ತೋರಿಸ್ದೆ, ಬೆನ್ನು ತಟ್ತಾಳೆ ಅಂತ. ಅವಳು ತೆರೆ ಮೇಲಿನ ಪುಟವನ್ನ ಒಂದು ಸಲ ಓದಿದ್ಲು.

"ಅವ್ರು ಸೈನ್ ಹಾಕಿ ಹೋದ್ಮೇಲೆ ಸೇರಿಸ್ದೆಯಾ?"

"ಹೂಂ."

"ನಾನು ಸೈನ್ ಹಾಕಿ ಹೋದ್ಮೇಲೆ ಅವ್ರು ಅಳಿಸ್ತಿದ್ರು," ಅಂದ್ಲು. ಬೈಯ್ಲಿಲ್ಲ. ಬ್ಯಾಗ್ ತಗೊಂಡು, "ಮನೇಲಿರ್ತೀನಿ," ಅಂತ ಹೊರಟ್ಲು.

ವಕೀಲಕ್ಕ ಗಡಿಯಾರ ನೋಡಿದ್ಲು. "ಅವ್ರು ನಾಳೆ ಮಾತು ತಪ್ಪಿದ್ರಿ ಅಂತ ಒಂದು ಕಾಗದ ಬರೆದ್ರೆ ಹನ್ನೆರಡು ಸೆಂಟಿಮೀಟರೂ ಹೋಯ್ತು, ನಿಮ್ಮ ಬೀದಿಯ ಅಷ್ಟೂ ಮನೆ ಹೋಯ್ತು. ಐದರ ತನಕ ಬದಲಾಯಿಸ್ಬಹುದು."

ನಾಲ್ಕು ಐವತ್ತೆರಡಕ್ಕೆ ಪುಟ ಕಿತ್ತು ಮತ್ತೆ ಕಳಿಸ್ದೆ. ಹಲ್ಲು ಕಚ್ಕೊಂಡು. ಸರ್ಕಾರದವ್ರು ತಗೊಂಡ್ರು, ಕೋರ್ಟಿಗೂ ಹೋಯ್ತು. ನಮ್ಮ ಬೀದಿಯವ್ರು ನನಗೆ ಹಾರ ಹಾಕಿದ್ರು. ಪಕ್ಕದಲ್ಲಿ ನೇರಗೆರೆಗೂ ಒಂದು ಹಾರ. ಹೆಂಗಿರುತ್ತೆ ಹೇಳಿ.

ಒಂದು ತಪ್ಪು ಮಾಡಿದ್ದೆ. ಅವಸರದಲ್ಲಿ ಪುಟದ ನಂಬರ್ ತಿದ್ದೋದು ಮರ್ತಿದ್ದೆ. ನಿನ್ನೆ ದಬ್ಬಣ ನಮ್ಮ ಪ್ರತಿ ಹೊಲೀತಾ ಕೂತಿದ್ದೋಳು ಸೂಜಿ ನಿಲ್ಲಿಸಿದ್ಲು.

"ಲೇ, ಒಂಬತ್ತಾದ್ಮೇಲೆ ಹನ್ನೊಂದು ಬರುತ್ತಲ್ಲ. ಹತ್ತೆಲ್ಲೇ?"

ಹತ್ತು ನನ್ನ ಬ್ಯಾಗಲ್ಲೇ ಇತ್ತು, ಕೈಗೆ ಸಿಗೋ ಹಾಗೆ. ಫೈಲಿಂದ ತೆಗೀತೀನಿ ಅಂದಿದ್ದೆ, ತೆಗೆದಿದ್ದೆ. ಅವಳಿಗೆ ತೋರಿಸಲ್ಲ ಅಂತ ಮಾತು ಕೊಟ್ಟಿರ್ಲಿಲ್ಲ. ಅವಳು ಕೈ ಚಾಚ್ಕೊಂಡು ಕಾಯ್ತಿದ್ಲು. ನೀವಾಗಿದ್ರೆ ಏನ್ ಮಾಡ್ತಿದ್ರಿ?