ಗವಸು ಹೊದ್ದ ಯಂತ್ರ

ಆ ಆಪರೇಷನ್ ಥಿಯೇಟರೂ ಒಂದು ಕೂಡುಕುಟುಂಬವೇ. ಯಜಮಾನರು ದೊಡ್ಡ ಡಾಕ್ಟರು. ಮನೆ ತೂಗಿಸುವವಳು ಇಪ್ಪತ್ತು ವರ್ಷದಿಂದ ಅವರ ಕೈಗೆ ಕತ್ತರಿ, ಸೂಜಿ ಕೊಡುತ್ತ ಬಂದ ನರ್ಸಕ್ಕ. ಮೂಲೆಯಲ್ಲಿ ಹೊಸ ಸೊಸೆಯ ಹಾಗೆ ಬಾಯಿಬಿಡದೆ ನಿಂತಿದ್ದದ್ದು ಸ್ಕ್ಯಾನ್ ಯಂತ್ರ. ಗಾಯ ಹೊಲಿಯುವ ಮೊದಲೇ ಮೂಳೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅದು ತೋರಿಸಬಲ್ಲದು. ಧೂಳು ಕೂರದಿರಲೆಂದು ನರ್ಸಕ್ಕನೇ ಅದಕ್ಕೊಂದು ಹಸಿರು ಗವಸು ಹೊಲಿದಿದ್ದಳು. ಯಜಮಾನರು ಹೇಳದೆ ಅದನ್ನು ತೆಗೆಯುವಂತಿಲ್ಲ, ಅವರು ಹೇಳುತ್ತಿರಲಿಲ್ಲ. ಅವರ ಕೈಗುಣವನ್ನು ಊರೆಲ್ಲ ನಂಬಿತ್ತು, ಊರಿಗಿಂತ ಹೆಚ್ಚಾಗಿ ಅವರೇ ನಂಬಿದ್ದರು.

ಏಳು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲಿಂದ ಬಿದ್ದು ಕಣ್ಣುಗೂಡಿನ ತಳದ ಮೂಳೆ ಮುರಿದುಕೊಂಡಳು. ಅಲ್ಲಿಗೆ ಆಸರೆಯಾಗಿ ಲೋಹದ ತೆಳು ತಗಡು ಕೂರಿಸಿದ ದಿನ ಕಿರಿಯ ಡಾಕ್ಟರಮ್ಮ, "ಸರ್, ಒಂದ್ಸಲ ಚಿತ್ರ ನೋಡ್ಬಿಡೋಣ್ವಾ?" ಎಂದಳು.

"ನಿನ್ನ ವಯಸ್ಸಿಗಿಂತ ಹಳೇ ಬೆರಳು ಕಣಮ್ಮ ಇದು. ಮಗೂಗೆ ಸುಮ್ನೆ ಯಾಕೆ ಕಿರಣ ಹೊಡೆಸ್ತೀಯ?"

"ದೊಡ್ಡೋರಿಗೆ ಎದುರಾಡಬೇಡ" ಎಂದು ಅವಳನ್ನು ಗದರಿದವಳು ನರ್ಸಕ್ಕನೇ.

ಆರು ವಾರದ ಮೇಲೆ ತಾಯಿ ಮಗಳು ಮತ್ತೆ ಬಂದರು. ತಾಯಿ ನೀರಿನ ಲೋಟ ಚಾಚಿದರೆ ಮಗು ಗಾಳಿಯನ್ನು ಹಿಡಿಯಿತು. "ಅಮ್ಮಾ, ಎರಡು ಲೋಟ ಇದೆ. ಯಾವ್ದು ನಿಜದ್ದು?"

ಹೊರಗಿನ ಸ್ಕ್ಯಾನ್ ಸೆಂಟರಿನಲ್ಲಿ ತೆಗೆಸಿದ ಚಿತ್ರದಲ್ಲಿ ಗೊತ್ತಾಯಿತು: ತಗಡಿನ ಹಿಂತುದಿ ಮೂಳೆಯ ಮೇಲೆ ಕೂರದೆ ಕಣ್ಣಿನ ಸ್ನಾಯುವನ್ನು ಅದುಮಿ ಹಿಡಿದಿತ್ತು.

"ಹಣೆಬರಹ. ಕೆಲವು ಮಕ್ಕಳಿಗೆ ಹೀಗಾಗುತ್ತೆ" ಎಂದರು ದೊಡ್ಡ ಡಾಕ್ಟರು. ತಾಯಿ ಅದಕ್ಕೂ ಕೈ ಮುಗಿದಳು.

ಎರಡನೇ ಆಪರೇಷನ್. ಅವರು ತಗಡನ್ನು ಬಿಡಿಸಿ ಮತ್ತೆ ಕೂರಿಸಿದರು, ಬೆರಳಾಡಿಸಿದರು. "ಕೂತಿದೆ. ಸೂಜಿ."

ನರ್ಸಕ್ಕ ಕೊಡಲಿಲ್ಲ. "ಚಿತ್ರ ನೋಡಿ ಸರ್, ಆಮೇಲೆ ಕೊಡ್ತೀನಿ."

"ನಿಂಗೂ ನನ್ನ ಕೈ ಮೇಲೆ ನಂಬಿಕೆ ಹೋಯ್ತಾ?"

"ನಿಮ್ಮ ಬೆರಳು ಅಷ್ಟು ಹಿಂದಕ್ಕೆ ಹೋಗೋದೇ ಇಲ್ಲ ಸರ್. ಹೋದ್ಸಲಾನೂ ಹೋಗಿರ್ಲಿಲ್ಲ. ನಂಗೆ ಗೊತ್ತಿತ್ತು, ಬಾಯಿ ಮುಚ್ಕೊಂಡಿದ್ದೆ."

ಕಿರಿಯ ಡಾಕ್ಟರಮ್ಮ ಯಂತ್ರದ ಗವಸು ತೆಗೆಸಿದಳು. ಚಿತ್ರ ಬಂತು. ಹಿಂತುದಿ ಈ ಸಲವೂ ಮೂಳೆ ತಪ್ಪಿ ಜೋತುಬಿದ್ದಿತ್ತು. ದೊಡ್ಡ ಡಾಕ್ಟರು ತಲೆ ತಗ್ಗಿಸಿ ಮತ್ತೆ ಕೂರಿಸಿದರು. ಎರಡನೇ ಚಿತ್ರ ಸರಿಯಾಗಿ ಬಂದ ಮೇಲೆ ನರ್ಸಕ್ಕ ಸೂಜಿ ಕೊಟ್ಟಳು.

ಮಗುವಿಗೆ ಈಗ ಎದುರಿಗಿರುವ ಲೋಟ ಒಂದೇ ಕಾಣುತ್ತದೆ. ಆದರೆ ಆರು ವಾರ ನಲುಗಿದ ಸ್ನಾಯು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಮೇಲೆ ನೋಡಿದರೆ ಎಲ್ಲವೂ ಎರಡೆರಡು. ಏಳು ವರ್ಷದ ಮಗು ತಾಯಿಯ ಮುಖವನ್ನು ನೋಡುವುದೇ ಮೇಲೆ.

ನರ್ಸಕ್ಕ ಆ ಹಸಿರು ಗವಸನ್ನು ಕತ್ತರಿಸಿ ನೆಲ ಒರೆಸಲು ಕೊಟ್ಟುಬಿಟ್ಟಳು.