ಎಂಟರಿಂದ ಹದಿನಾಲ್ಕು

ನಾಲ್ಕೈದು ವರ್ಸದ ಐಕ್ಳಿಗೆ ಒಂದರಿಂದ ಇಪ್ಪತ್ತು ಬಾಯಿಪಾಠ ಮಾಡ್ಸೋದು ಏನೂ ದೊಡ್ಡದಲ್ಲ ಕಣ್ರಿ. ಹಾಡಂಗೆ ಯೋಳ್ತವೆ. ಆದ್ರೆ ಗೋಡೆ ಮೇಲಿರೋ ಐದನ್ನ ಕೋಲಲ್ಲಿ ತೋರ್ಸಿ "ಇದೇನ್ಲಾ?" ಅನ್ನಿ, ಒಂದರಿಂದ ಶುರು ಮಾಡಿ, ಐದಕ್ಕೆ ನಿಲ್ದೆ ಹತ್ತರ ತಂಕ ಓಯ್ತವೆ. ರಾಮಾಪುರದಿಂದ ಆಚೆ, ಕಾಡಂಚಿನ ಈ ಊರಲ್ಲಿ ಹತ್ತೊಂಬತ್ತು ವರ್ಸದಿಂದ ಅಂಗನವಾಡಿ ಟೀಚರ್ ನಾನು. ಚಾರ್ಟು, ಕಾರ್ಡು ಎಲ್ಲ ತೋರ್ಸಿ ತೋರ್ಸಿ ನನ್ನ ಗಂಟಲು ಬಿದ್ದೋಯ್ತೇ ಹೊರತು ಅವುಗಳ ತಲೆಗೆ ಹತ್ತಲಿಲ್ಲ.

ಕಳೆದ ಆಷಾಢದಲ್ಲಿ ನಂಗೊಂದು ಉಪಾಯ ಹೊಳೀತು. ಊಟದ ತಟ್ಟೆ! ಹದಿನಾಲ್ಕು ಐಕ್ಳು, ಹದಿನಾಲ್ಕು ತಟ್ಟೆ. ನನ್ನ ಮಗಳ ನೈಲ್ ಪಾಲಿಶ್ ತಕಂಡು ಒಂದೊಂದರ ಅಂಚಿಗೂ ಒಂದೊಂದು ಅಂಕಿ ಬರೆದೆ. ತಟ್ಟೆ ತಿರುಗಿದ್ರೆ ಆರು ಒಂಬತ್ತಾಯ್ತದಲ್ಲ, ಅದಕ್ಕೆ ಕೆಳಗೊಂದು ಗೆರೆ ಎಳ್ದೆ. ಸೋಮವಾರ ಬಂತು ಅಂದ್ರೆ ಎಲ್ಲರಿಗೂ ಹೊಸ ಅಂಕಿಯ ಚೀಟಿ. ಚೀಟಿ ನೋಡ್ಕಂಡು ಅದೇ ಅಂಕಿಯ ತಟ್ಟೆ ಹುಡುಕಿ ತಂದೋರಿಗೆ ಅನ್ನ, ಮೊಟ್ಟೆ. ಹಸಿವಿನ ಮುಂದೆ ಯಾವ ಚಾರ್ಟು? ಎರಡೇ ತಿಂಗ್ಳಲ್ಲಿ ಕಲ್ತ್ಕಂಡ್ವು. ಕಾಲೋನಿಯ ಕೂಲಿ ನಾಗರಾಜುನ ಮಗಳು ಪದ್ಮಿನಿ ಅಂತೂ ತನ್ನದು ಹುಡುಕಿ, ಮಿಕ್ಕೋರ ತಟ್ಟೆನೂ ಹುಡುಕಿಕೊಡೋಳು. ಬರೋ ಜೂನ್‌ಗೆ ಒಂದನೇ ಕ್ಲಾಸಿಗೆ ಸೇರೋ ಕೂಸು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ಆ ಹಿಗ್ಗಿಗೆ ಬೆಂಕಿ ಬಿದ್ದಿದ್ದು ಮೇಲಿನ ಬೀದಿ ಶಿವರತ್ನಮ್ಮನಿಂದ. ಅವರ ಮೊಮ್ಮಗ ಪ್ರಭು ಮನೇಲಿ ಜಂಬವಾಗಿ ಯೋಳವ್ನೆ: "ಅಜ್ಜಿ, ಈ ವಾರ ನಾಲ್ಕು ನಂದು. ಮೊನ್ನೆ ತಂಕ ನಾಲ್ಕು ಪದ್ಮಿನಿದು." ಪಾಪ, ಅವನು ಕಲ್ತಿದ್ದ ಪಾಠ ಒಪ್ಪಿಸ್ದ.

ಮಾರನೆ ದಿನ ಅಜ್ಜಿ ಬಾಗಿಲಲ್ಲೇ ನಿಂತ್ರು.

"ಏನವ್ವ ಯಶೋದಾ, ಕಾಲೋನಿಯೋರು ಉಂಡ ತಟ್ಟೆಲಿ ನಮ್ಮ ಕೂಸಿಗೆ ಇಕ್ತಿಯಾ?"

"ತೊಳೆದ ತಟ್ಟೆ ಅಮ್ಮೋರೆ. ಸೋಪಾಕಿ, ಬಿಸಿನೀರಲ್ಲಿ..."

"ತೊಳ್ಕ, ಬುಡು. ನಮ್ಮ ಬೀದಿ ಐಕ್ಳು ಏಳು. ಒಂದರಿಂದ ಏಳು ನಮ್ದು. ಮಿಕ್ಕಿದ್ದು ಅವರ್ದು. ಆಗಕ್ಕಿಲ್ಲ ಅಂದ್ರೆ ಯೋಳು, ನಾಳೆಯಿಂದ ಏಳೂ ಐಕ್ಳು ರಾಮಾಪುರದ ಕಾನ್ವೆಂಟ್ ವ್ಯಾನ್ ಹತ್ತವೆ."

ಅವು ವ್ಯಾನ್ ಹತ್ತಿದ್ರೆ ಉಳಿಯೋದು ಏಳು ಐಕ್ಳು. ಅಷ್ಟು ಕಮ್ಮಿ ಆದ್ರೆ ಕೇಂದ್ರ ಮುಚ್ಚಿ ಪಕ್ಕದೂರಿಗೆ ಸೇರ್ಸ್ತಾರೆ ಅಂತ ಆಗ್ಲೇ ಗುಸುಗುಸು ಇತ್ತು. ಆನೆ ಓಡಾಡೋ ದಾರಿಲಿ ಕಾಲೋನಿ ಐಕ್ಳು ಮೂರು ಮೈಲಿ ನಡೆದು ಓಯ್ತವಾ? ಅನ್ನ, ಮೊಟ್ಟೆ, ಅಂಕಿ, ಎಲ್ಲಾ ಅಲ್ಲಿಗೆ ಮುಗೀತು. ಆ ಐಕ್ಳಿಗೋಸ್ಕರನೇ ಅಂತ ಒಪ್ಕಂಡೆ. ನನ್ನ ಕೆಲಸದ ಭಯನೂ ಇತ್ತು, ಸುಳ್ಳ್ಯಾಕೆ ಯೋಳಲಿ? ಚೀಟಿ ನಿಂತೋಯ್ತು. ಅಂಕಿ ಆಗ್ಲೇ ಕಲ್ತವ್ರಲ್ಲ, ಯಾವ ತಟ್ಟೆಲಿ ಉಂಡ್ರೇನು ಅಂತ ನಂಗೆ ನಾನೇ ಸಮಾಧಾನ ಮಾಡ್ಕಂಡೆ.

ಮೂರು ತಿಂಗ್ಳಾದ್ಮೇಲೆ ಹನೂರಿಂದ ಸೂಪರ್‌ವೈಸರ್ ಮಾಲಿನಿ ಮೇಡಂ ಬಂದ್ರು. ಅಂಕಿ ಕಾರ್ಡು ಮುಂದೆ ಇಟ್ಕಂಡು ಒಬ್ಬೊಬ್ಬರನ್ನೇ ಕರೀರಿ ಅಂದ್ರು. ಮೊದಲು ಪದ್ಮಿನಿನೇ ಕಳ್ಸ್ದೆ, ನನ್ನ ಮಾನ ಕಾಯೋಳು ಅವಳೇ ಅಂತ. ಎಂಟು, ಹನ್ನೊಂದು, ಹದಿನಾಲ್ಕು, ಪಟಪಟ ಅಂದ್ಲು. ಮೇಡಂ ಮೂರು ತೋರ್ಸಿದ್ರು. ಬಾಯಿ ಬಿಡಲಿಲ್ಲ. ಐದು ತೋರ್ಸಿದ್ರು. ಊಹೂಂ. ಕೊನೆಗೆ ಒಂದು ತೋರ್ಸಿದ್ರೂ ಕೈ ಎರಡೂ ಬೆನ್ನಿಂದೆ ಕಟ್ಕಂಡು ನೆಲ ನೋಡ್ತಾ ನಿಂತ್ಲು.

"ಒಂದೇ ಗೊತ್ತಿಲ್ವಲ್ರೀ! ಏನ್ ಕಲಿಸಿದ್ದೀರಾ ಇಷ್ಟು ದಿನ?" ಅಂತ ಮೇಡಂ ಪೆನ್ನು ತೆಗೆದ್ರು.

ನಂಗೆ ರೇಗೋಯ್ತು. ಅವಳ ರಟ್ಟೆ ಇಡ್ಕಂಡು ಕಿಟಕಿ ಹತ್ರ ಎಳ್ಕಂಡೋದೆ. "ನಿಂಗೆ ಗೊತ್ತಲ್ವೇನೇ ಅದು?"

"ಗೊತ್ತು ಮಿಸ್."

"ಮತ್ಯಾಕೆ ಬಾಯಿಗೆ ಬೀಗ ಆಕಂಡಿದ್ದೀಯಾ?"

"ಅದು ಮೇಲ್ಬೀದಿಯೋರ್ದು. ನಾವು ಯೋಳಬಾರ್ದು."

"ಯಾರೇ ಅಂಗಂದೋರು? ಅವರ ನಾಲಿಗೆ ಬಿದ್ದೋಗ!"

ಕೂಸು ತಲೆ ಎತ್ತಿ ನನ್ನ ಮುಖ ನೋಡ್ತು. "ನೀವೇ ಮಿಸ್."

ನಿಜ. ಒಂದಿನ ಪ್ರಭುಗೆ ಕೊಡಾಣ ಅಂತ ಇವಳು ನಾಲ್ಕನೇ ತಟ್ಟೆ ಎತ್ತಿದ್ಲು. ಬಾಗಿಲಲ್ಲಿ ಶಿವರತ್ನಮ್ಮ ನಿಂತಿದ್ರು. ಚಟೀರಂತ ಇವಳ ಕೈಮೇಲೆ ಒಡ್ದು, "ಅದು ನಿಮ್ದಲ್ಲ, ಅದರ ಸುದ್ದಿಗೋಗ್ಬೇಡ" ಅಂದಿದ್ದೆ. ನಾನು ಮರ್ತೇಬುಟ್ಟಿದ್ದೆ.

"ಏನಂತೆ ಮಗು?" ಮೇಡಂ ಕೂಗಿದ್ರು.

ಯೋಳಬಹುದಾಗಿತ್ತು. ಯೋಳಿದ್ರೆ ನಾಳೆ ವ್ಯಾನ್ ಬತ್ತದೆ. ಪದ್ಮಿನಿ ನನ್ನ ಬಾಯನ್ನೇ ನೋಡ್ತಾ ನಿಂತಿದ್ಲು.

"ಏನಿಲ್ಲ ಮೇಡಂ, ಇದು ಸ್ವಲ್ಪ ದಡ್ಡು ಕೂಸು. ಗೊತ್ತಿಲ್ಲ ಅಂತಲೇ ಬರ್ಕಳಿ" ಅಂದೆ.

ಮೇಡಂ ಬರ್ಕಂಡ್ರು.